ಮರಕ್ಕೆ ಹೊಲಿದ ಅಂಗಿ

ಆ ಕೊಂಬೆ ಕಡಿದಾಗ ನಾವು ಮೂವರೂ ಅಂಗಡಿಯಲ್ಲಿ ಇರಲಿಲ್ಲ. ಇದ್ದಿದ್ದರೆ ಗರಗಸದವನನ್ನು ಏಣಿಯ ಸಮೇತ ಕೆಳಗಿಳಿಸುತ್ತಿದ್ದೆ, ಅದರಲ್ಲಿ ಯಾರಿಗೂ ಅನುಮಾನ ಬೇಡ. ಅವತ್ತು ಅತ್ತೆ, ನನ್ನ ಗಂಡ, ನಾನು ಒಂದು ಹೋಟೆಲಿನ ಅಂಗಳಕ್ಕೆ ಬಿಸಿಲುಮರೆ ಕಟ್ಟಲು ಹೋಗಿದ್ದೆವು. ಸಂಜೆ ವ್ಯಾನಿನಿಂದ ಇಳಿದರೆ ನಮ್ಮ ಅಂಗಳದ ಅರ್ಧ ಭಾಗ ಬೆಳ್ಳಗೆ ಹೊಳೆಯುತ್ತಿತ್ತು. ಅಷ್ಟು ಬೆಳಕನ್ನು ನಾನು ಅಲ್ಲಿ ಎಂದೂ ನೋಡಿರಲಿಲ್ಲ. ತಲೆಯೆತ್ತಿದರೆ ಮರದ ಪಡುವಣ ಪಕ್ಕವೇ ಇಲ್ಲ.

ನಮ್ಮದು ಟಾರ್ಪಾಲು, ಕ್ಯಾನ್ವಾಸು ಹೊಲಿಯುವ ಅಂಗಡಿ. ಲಾರಿಯ ಹೊದಿಕೆ, ಕಾರಿನ ಕವರು, ಅಂಗಡಿಗಳ ಮುಂದೆ ಇಳಿಬಿಡುವ ಬಿಸಿಲುಮರೆ, ಹೀಗೆ ಬಿಸಿಲಿಗೂ ಮಳೆಗೂ ಹೆದರುವ ಯಾವ ವಸ್ತು ತಂದರೂ ಅದಕ್ಕೊಂದು ಅಂಗಿ ಹೊಲಿದು ಕೊಡುತ್ತೇವೆ. ಅಂಗಡಿ ಅಂತ ಇರುವುದು ಉದ್ದನೆಯ ಕಿರಿದಾದ ಒಂದು ಕೋಣೆ. ಅದರೊಳಗೆ ಬಟ್ಟೆಯ ಸುರುಳಿಗಳು, ಎರಡು ಹೊಲಿಗೆ ಮಷಿನ್ನು, ಗೋಡೆಗೆ ನೇತುಹಾಕಿದ ಹಗ್ಗದ ಕಂತೆಗಳು ಸೇರಿದರೆ ಮನುಷ್ಯರು ಅಡ್ಡಡ್ಡ ನಡೆಯಬೇಕು. ಲಾರಿಯ ಹೊದಿಕೆಯನ್ನು ಅಲ್ಲಿ ಬಿಡಿಸುವ ಮಾತೇ ಇಲ್ಲ. ಹಾಗಾಗಿ ಅಳೆಯುವುದು, ಕತ್ತರಿಸುವುದು, ಅಂಚು ಮಡಿಚುವುದು, ಎಲ್ಲ ಹೊರಗೆ, ಕಾಡುಬಾದಾಮಿ ಮರದ ಕೆಳಗೆ. ಮಾವ ತೀರಿಕೊಂಡ ಮೇಲೆ ಅತ್ತೆ ಒಂದು ಮಷಿನ್ನು ತಂದು ಈ ಮರದ ಬುಡದಲ್ಲಿ ಇಟ್ಟುಕೊಂಡು ಕೂತಿದ್ದರಂತೆ. ಕೋಣೆ ಹಿಡಿದದ್ದು ಆಮೇಲೆ. ನೆರಳಿಲ್ಲದ ಕಡೆ ಬೇಸಿಗೆಯಲ್ಲಿ ಟಾರ್ಪಾಲು ಮುಟ್ಟಿ ನೋಡಿ, ಅಂಗೈ ಸುಟ್ಟುಕೊಳ್ಳುತ್ತೀರಿ. ಮರ ಹೋದರೆ ಅಂಗಡಿಯೂ ಹೋದ ಹಾಗೇ.

ಕಾಡುಬಾದಾಮಿಯ ಕೊಂಬೆಗಳು ಮಹಡಿ ಮಹಡಿಯಾಗಿ ಅಡ್ಡಕ್ಕೆ ಚಾಚುತ್ತವೆ. ಕೆಳಗಿನ ಮಹಡಿಯ ಒಂದು ಕೊಂಬೆ ಪಕ್ಕದ ಕನ್ನಡಕದ ಅಂಗಡಿಯ ಮುಂದೆ ಹಾದುಹೋಗಿತ್ತು. ಆ ಅಂಗಡಿಯ ಯಜಮಾನರು ಮುಂಭಾಗಕ್ಕೆ ಪೂರ್ತಿ ಗಾಜು ಹಾಕಿಸಿ, ಮೇಲೆ ಒಂದು ಬೋರ್ಡು ಏರಿಸಿದ್ದರು. ಕನ್ನಡಕ ಹಾಕಿಕೊಂಡ ಎರಡು ದೊಡ್ಡ ಕಣ್ಣು, ಪಕ್ಕದಲ್ಲಿ ಅವರ ಹೆಸರು. ಎಡಗಣ್ಣು ಎಲೆಗಳ ಹಿಂದೆ ಹೋಗಿತ್ತು. ಅಷ್ಟಕ್ಕೇ, ನನ್ನ ಸೊಂಟದಷ್ಟು ದಪ್ಪದ ಕೊಂಬೆಯನ್ನೂ ಅದರ ಮೇಲಿನ ಇನ್ನೆರಡನ್ನೂ ಬುಡಕ್ಕೇ ಇಳಿಸಿಬಿಟ್ಟಿದ್ದರು.

"ಯಾರನ್ನ ಕೇಳಿ ಕಡಿಸಿದ್ರಿ?" ಅಂದೆ. ಕೈಯಲ್ಲಿ ಇನ್ನೂ ಹೋಟೆಲಿನ ಹಗ್ಗವಿತ್ತು.

"ಬೋರ್ಡೇ ಕಾಣ್ತಿರ್ಲಿಲ್ಲ ತಂಗಿ," ಅಂದರು ಅವರು, ಬೆಣ್ಣೆಯಿಂದ ಕೂದಲು ತೆಗೆಯುವಷ್ಟು ನಯವಾಗಿ. "ಒಂದು ಕೊಂಬೆ ತಾನೆ? ಅದೇನು ಮತ್ತೆ ಚಿಗುರಲ್ವಾ?"

ತಂಗಿಯಂತೆ! ಅಣ್ಣನಾಗುವ ಯೋಗ್ಯತೆ ಎಲ್ಲಿತ್ತು? ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಗಂಡ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದ. ಅವನದು ಒಂದೇ ಮಂತ್ರ, "ಬಿಡು". ಅಕ್ಕಿಯಲ್ಲಿ ಕಲ್ಲಿದ್ದರೂ ಬಿಡು, ಮನೆಗೆ ಬೆಂಕಿ ಬಿದ್ದರೂ ಬಿಡು.

ಅತ್ತೆ ಮಾತ್ರ, ಕತ್ತರಿಸಿದ ಜಾಗದ ಕೆಳಗೆ ನಿಂತು ಕಾಂಡದ ಮೇಲೆ ಕೈಯಿಟ್ಟುಕೊಂಡಿದ್ದರು.

ಬೇಸಿಗೆ ಏರಿತು. ನನಗೆ ಆಗ ಗೊತ್ತಾದ ಸಂಗತಿ ಇದು: ಮರ ಬಿಸಿಲಲ್ಲೇ ನಿಂತಿರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ, ಅದರ ಕಾಂಡ ಮಾತ್ರ ನಿಂತಿರುವುದು ಅದು ತಾನೇ ಮಾಡಿಕೊಂಡ ನೆರಳಿನಲ್ಲಿ. ನಾವೆಲ್ಲ ಅದೇ ನೆರಳಿನಲ್ಲಿ ಒಂದಿಷ್ಟು ಪಾಲು ತೆಗೆದುಕೊಂಡವರು. ಹುಟ್ಟಿದಾಗಿನಿಂದ ಉರಿಬಿಸಿಲು ಕಾಣದ ಆ ಮೈಗೆ ಮಧ್ಯಾಹ್ನದಿಂದ ಸಂಜೆಯವರೆಗೂ ಪಡುವಣ ಬಿಸಿಲು. ಸಾಲದು ಅಂತ ಬೆಳಿಗ್ಗೆ ಹೊತ್ತು ಅದೇ ಮಗ್ಗುಲಿಗೆ ಅವರ ಗಾಜಿನಿಂದ ಮರುಬಿಸಿಲು. ತೊಗಟೆ ಮೊದಲು ಕೆಂಪಾಯಿತು, ಆಮೇಲೆ ಒಣಗಿ ಹಳೇ ಬಣ್ಣದ ಹಾಗೆ ಎದ್ದು ನಿಂತಿತು, ಒಂದು ದಿನ ನನ್ನ ತಲೆಯ ಎತ್ತರದಿಂದ ಮೊಣಕಾಲಿನವರೆಗೂ ಸೀಳಿತು. ಬೆರಳ ಗೆಣ್ಣಿನಲ್ಲಿ ತಟ್ಟಿದರೆ ಟೊಳ್ಳು ಸದ್ದು ಬರುತ್ತಿತ್ತು.

ಕಡಿಸಿದವರು ಆಗ ಏನಂದರು ಗೊತ್ತೆ? "ಮರಕ್ಕೆ ರೋಗ ಬಂದಿದೆ, ಯಾವತ್ತಾದ್ರೂ ಯಾರ ಮೇಲಾದ್ರೂ ಬೀಳುತ್ತೆ" ಅಂತ ಪೂರ್ತಿ ಮರ ತೆಗೆಸಲು ಅರ್ಜಿ ಹಾಕಿದರು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಅಂತ ಗಾದೆ ಕೇಳಿದ್ದೆ. ಒರೆಸಿದ ಮೇಲೆ ಮೇಕೆಯನ್ನು ಕಡಿಯಿರಿ ಅಂತ ಅರ್ಜಿ ಬರೆದ ಕೋತಿಯನ್ನು ನೋಡಿದ್ದು ಇದೇ ಮೊದಲು.

ಬೀದಿಯವರ ಉಪಚಾರವನ್ನು ಕೇಳಬೇಡಿ. ತಲೆಗೊಬ್ಬ ಡಾಕ್ಟರು. ಗ್ಯಾರೇಜಿನವರು ಡಾಂಬರು ಹಚ್ಚೋಣ ಅಂದರು. ಗಾರೆ ಕೆಲಸದವರು ಸೀಳಿಗೆ ಸಿಮೆಂಟು ತುಂಬಿದರೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ ಅಂದರು. ನಾನು ಅಳತೆಕೋಲು ಹಿಡಿದು ಕಾಯುತ್ತಿದ್ದೆ. ಆದರೂ ಊಟಕ್ಕೆ ಕೂತ ಹೊತ್ತಿನಲ್ಲಿ ಯಾವನೋ ಪುಣ್ಯಾತ್ಮ ಬಂದು ಒಂದು ಮೂಲೆಗೆ ಸುಟ್ಟ ಎಂಜಿನ್ ಆಯಿಲ್ ಬಳಿದು ಹೋಗಿದ್ದ.

ಅರ್ಜಿಯ ಮೇಲೆ ಮರಗಳ ಉಸ್ತುವಾರಿ ನೋಡುವ ಆಫೀಸಿನಿಂದ ಒಬ್ಬ ಅಧಿಕಾರಿ ಬಂದರು. ಎತ್ತರದ ಹೆಂಗಸು, ಮಾತು ಕಡಿಮೆ. ಮರದ ಸುತ್ತಿಗೆಯಿಂದ ಕಾಂಡವನ್ನು ತಟ್ಟುತ್ತಾ, ಕಿವಿಗೊಡುತ್ತಾ ಸುತ್ತು ಬಂದರು. ಚಾಕು ತೆಗೆದು ಸತ್ತು ಎದ್ದ ತೊಗಟೆಯನ್ನೆಲ್ಲ ಬಿಡಿಸಿ, ಜೀವ ಇರುವ ಅಂಚಿನವರೆಗೂ ಸವರಿದರು. ಎಣ್ಣೆ ಬಳಿದದ್ದನ್ನು ನೋಡಿ ಮುಖ ಕಿವುಚಿದರು. ಕನ್ನಡಕದವರು ಅವರ ಬೆನ್ನ ಹಿಂದೆಯೇ, "ಅಪಾಯ ಮೇಡಂ, ಜನ ಓಡಾಡೋ ಜಾಗ ಮೇಡಂ" ಅಂತ ಸುತ್ತುತ್ತಿದ್ದರು.

"ಇದು ರೋಗ ಅಲ್ಲ, ಬಿಸಿಲಿನ ಸುಟ್ಟಗಾಯ," ಅಂದರು ಅಧಿಕಾರಿ. "ನಮ್ಮ ಚರ್ಮದ ಹಾಗೆ ಮರಕ್ಕೆ ಗಾಯ ಮಾಯಲ್ಲ. ಎರಡೂ ಕಡೆಯಿಂದ ಹೊಸ ತೊಗಟೆ ಸುರುಳಿ ಸುತ್ತಿಕೊಂಡು ಬಂದು ಮುಚ್ಚಬೇಕು. ಮಳೆಗಾಲ ಮುಗಿದ ಮೇಲೆ ಬರ್ತೀನಿ. ಅಂಚು ಮುಂದೆ ಬಂದಿದ್ರೆ ಮರ ಇರುತ್ತೆ. ಒಳಗೆ ಕೊಳೀತಿದ್ರೆ ಕಡೀಲೇ ಬೇಕಾಗುತ್ತೆ, ನಾನೂ ತಡೆಯೋಕಾಗಲ್ಲ."

"ಅಲ್ಲೀತನಕ ನಾವೇನು ಮಾಡ್ಬೇಕು?" ಅತ್ತೆ ಕೇಳಿದರು.

"ಏನೂ ಹಚ್ಚಬೇಡಿ. ನೀರು ಬುಡಕ್ಕೆ ಸುರೀಬೇಡಿ, ದೂರಕ್ಕೆ, ಕೊಂಬೆ ತುದಿ ಎಲ್ಲೀವರೆಗೆ ಇದೆಯೋ ಅಲ್ಲಿ ಬಿಡಿ. ಗಾಯಕ್ಕೆ ಬಿಸಿಲು ತಾಗದ ಹಾಗೆ ನೋಡ್ಕೊಳ್ಳಿ. ಮಿಕ್ಕಿದ್ದು ಅದೇ ಮಾಡ್ಕೊಳ್ಳುತ್ತೆ."

ಹೊಲಿಯುವ ಕೈಗಳಿಗೆ ಸುಮ್ಮನಿರು ಅಂತ ಹೇಳಿ ನೋಡಿ. ಅಧಿಕಾರಿಯ ಜೀಪು ತಿರುವು ದಾಟುವ ಮೊದಲೇ ಅತ್ತೆ ಕುತ್ತಿಗೆಯಿಂದ ಟೇಪು ತೆಗೆದು ಕಾಂಡವನ್ನು ಅಳೆಯುತ್ತಿದ್ದರು. ಬಿಸಿಲು ತಾಗಬಾರದು ಅಂದರೆ ಅವರಿಗೆ ಗೊತ್ತಿದ್ದ ದಾರಿ ಒಂದೇ. ಇಷ್ಟು ವರ್ಷ ಅವರು ಮಾಡಿದ್ದೂ ಅದನ್ನೇ.

ಅತ್ತೆಯ ಕೈಕೆಲಸದ ಬಗ್ಗೆ ಹೇಳಲೇಬೇಕು. ಅವರು ಹೊಲಿದ ಲಾರಿ ಹೊದಿಕೆಯ ಕೆಳಗೆ ಸಕ್ಕರೆ ಚೀಲ ಇಟ್ಟು ಜಡಿಮಳೆಯಲ್ಲಿ ಊರೂರು ಸುತ್ತಿಸಿ, ಒಂದು ಹರಳೂ ಕರಗಿರುವುದಿಲ್ಲ. "ಹೊದಿಕೆಗೂ ಮೈಗೂ ನಡುವೆ ಒಂದು ಬೆರಳು ಆಡಬಾರದು" ಅನ್ನುವುದು ಅವರ ಪಾಠ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಹೊಲಿಗೆಯೊಳಗೆ ಬೆರಳು ತೂರಿಸಿ ತೋರಿಸಿ, ಮತ್ತೆ ಮತ್ತೆ ಬಿಚ್ಚಿಸಿದ್ದಾರೆ. ಅಂಥವರು ಮರಕ್ಕೆ ಅಂಗಿ ಹೊಲಿದರು. ಒಳ್ಳೆಯ ದಪ್ಪ ಹಸಿರು ಟಾರ್ಪಾಲು, ಜೋಡಿ ಹೊಲಿಗೆ, ಕಾಂಡದ ಉಬ್ಬು ತಗ್ಗಿಗೆ ಸರಿಯಾಗಿ ಪಟ್ಟಿ ಹಿಡಿದು, ಎರಡು ಅಂಚಿಗೂ ಹಿತ್ತಾಳೆ ರಿಂಗು ಹೊಡೆದು, ಬೂಟಿಗೆ ಲೇಸು ಕಟ್ಟಿದ ಹಾಗೆ ಹಗ್ಗ ಎಳೆದು ಬಿಗಿದರು.

"ಅತ್ತೆ, ಉಸಿರಾಡೋಕೆ?" ಅಂದೆ.

"ಮರ ಎಲೇಲಿ ಉಸಿರಾಡುತ್ತೆ ಕಣೇ, ಸೊಂಟದಲ್ಲಲ್ಲ. ಶಾಲೇಲಿ ಏನು ಕಲ್ತೆ ನೀನು?"

ಬೀದಿಯವರೆಲ್ಲ ಬಂದು ನೋಡಿ ಭೇಷ್ ಅಂದರು. ಗಿರಾಕಿಗಳು ಫೋಟೋ ಹಿಡಿದರು. ಅತ್ತೆ ಕನ್ನಡಕ ಒರೆಸಿಕೊಂಡು ದೂರದಿಂದ ನೋಡಿ, ಒಂದು ಮಡಿಕೆ ಸರಿಮಾಡಿ, ಮತ್ತೆ ಹಿಂದೆ ಸರಿದು ನೋಡಿದರು. ಆ ಕನ್ನಡಕವೂ ಪಕ್ಕದವರ ಅಂಗಡಿಯದೇ. ನಮ್ಮ ಬೀದಿಯಲ್ಲಿ ಸೂಜಿಗೆ ದಾರ ಪೋಣಿಸುವವರು, ಪೇಪರು ಓದುವವರು, ಎಲ್ಲರ ಮೂಗಿನ ಮೇಲೂ ಅವರದೇ ಸರಕು.

ಮಳೆ ಹಿಡಿಯಿತು. ಮೊದಮೊದಲು ಏನೂ ಗೊತ್ತಾಗಲಿಲ್ಲ. ಆಮೇಲೆ ಮರದ ಕೆಳಗೆ ಕೂತರೆ ಒಂದು ವಾಸನೆ, ಒದ್ದೆ ಚಪ್ಪಲಿಯನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಹಾಗೆ. ಅಂಗಿಯ ಕೆಳಗಿನ ಅಂಚಿನಿಂದ ಕಂದು ನೀರು ತೊಟ್ಟಿಕ್ಕುತ್ತಿತ್ತು. ಇರುವೆಗಳು ಸಾಲು ಹಿಡಿದು ಒಳಗೆ ಹೋಗುತ್ತಿದ್ದವು, ಹೊರಗೆ ಬರುತ್ತಿದ್ದವು, ಅವಕ್ಕೆ ಒಳಗೆ ಏನೋ ಸಂಸಾರ ಹೂಡಿದ ಸಂಭ್ರಮ.

"ಅತ್ತೆ, ಬಿಚ್ಚಿ ನೋಡೋಣ."

"ಏನು ನೋಡೋದು? ನನ್ನ ಹೊಲಿಗೇಲಿ ನೀರು ಒಳಗೆ ಹೋಗಲ್ಲ."

"ಕೊಂಬೆಯಿಂದ ಕಾಂಡದ ಗುಂಟ ಇಳಿದಿದ್ದು ಕುತ್ತಿಗೆಯಿಂದ ಹೋಗಿರುತ್ತೆ. ಹೋಗಿದ್ದು ಹೊರಗೆ ಬರೋಕೂ ನಿಮ್ಮ ಹೊಲಿಗೆ ಬಿಡಲ್ಲ."

"ಅತ್ತೆಗೆ ಹೊಲಿಗೆ ಹೇಳ್ಕೊಡೋಷ್ಟು ದೊಡ್ಡೋಳಾದ್ಯಾ?"

ನನ್ನ ಗಂಡನ ಕಡೆ ನೋಡಿದೆ. "ನೀವಿಬ್ರೂ ಹೇಳೋದು ಸರಿಯಾಗೇ ಇದೆ" ಅಂತ ಹೇಳಿ ಅವನು ವ್ಯಾನಿನ ಕೀಲಿ ತೆಗೆದುಕೊಂಡು ಹೊರಟೇಹೋದ. ನನಗೆ ಮೈಯೆಲ್ಲ ಉರಿಯಿತು. ಗೂಟಕ್ಕೆ ನೇತುಹಾಕಿದ್ದ ದೊಡ್ಡ ಕತ್ತರಿ ತೆಗೆದುಕೊಂಡು ಹೋಗಿ, ಅತ್ತೆ ನೋಡುತ್ತಿದ್ದ ಹಾಗೇ, ಅಂಗಿಯನ್ನು ಮೇಲಿನಿಂದ ಕೆಳಗೆ ಸೀಳಿದೆ. ಅತ್ತೆಯ ಹೊಲಿಗೆಗೆ ಆ ಮನೆಯಲ್ಲಿ ಯಾರೂ ಕತ್ತರಿ ಇಟ್ಟಿರಲಿಲ್ಲ.

ಒಳಗೆ ಕಪ್ಪಗೆ ಲೋಳೆ ಹಿಡಿದಿತ್ತು. ಬಿಳೀ ಬೂಷ್ಟು, ಅದರಲ್ಲಿ ಮಿಸುಕಾಡುವ ಹುಳು. ಅಧಿಕಾರಿ ಸವರಿ ಶುದ್ಧ ಮಾಡಿದ್ದ ಅಂಚು ಕೆಳಗಡೆ ಎಲ್ಲಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಅತ್ತೆ ಹತ್ತಿರ ಬಂದರು. ಬೆರಳಿನಿಂದ ಮುಟ್ಟಿ, ಮೂಸಿ, ಸೆರಗಿಗೆ ಒರೆಸಿಕೊಂಡರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಅವರು ಒಳಗೆ ಹೋಗಿ ಮಷಿನ್ನಿನ ಮುಂದೆ ಕೂತರು, ತುಳಿಯಲಿಲ್ಲ.

ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲೂ ಹಾಗೇ ಆಯಿತು. ಊಟದ ಹೊತ್ತಿಗೆ ಅವರ ಮಗ ಹವಾಮಾನದ ಬಗ್ಗೆ ಮಾತಾಡಿದ. ನನಗೋ ಸಿಟ್ಟನ್ನು ಎಲ್ಲಿಡಬೇಕು ಅಂತಲೇ ತಿಳಿಯಲಿಲ್ಲ. ಅತ್ತೆಯ ಮೇಲೆ ಇಡೋಣ ಅಂದರೆ, ಪ್ರೀತಿಯಿಂದ ಮಾಡಿ ಕೆಡಿಸಿದವರು ಅವರು. ಬರೀ ಕೆಡಿಸಿದವನು ಪಕ್ಕದಲ್ಲಿ ಗಾಜು ಒರೆಸುತ್ತಾ ಸುಖವಾಗಿದ್ದ. ಬೋರ್ಡಿನ ಎರಡೂ ಕಣ್ಣು ಈಗ ಬೀದಿಯ ತುದಿಯಿಂದಲೇ ಕಾಣುತ್ತಿದ್ದವು.

ಆಮೇಲೆ ನಾವು ಏನೂ ಮಾಡಲಿಲ್ಲ. ಅಷ್ಟು ಕಷ್ಟದ ಕೆಲಸವನ್ನು ಅತ್ತೆ ಅದಕ್ಕೂ ಮೊದಲು ಮಾಡಿದ್ದನ್ನು ನಾನು ನೋಡಿಲ್ಲ. ಗಾಳಿಗೆ ಬಿಟ್ಟ ಮೇಲೆ ಲೋಳೆ ಒಣಗಿತು, ಹುಳು ಉದುರಿದವು. ಮಳೆ ಕಡಿಮೆಯಾಗುವ ಹೊತ್ತಿಗೆ ಗಾಯದ ಮೇಲ್ಭಾಗದಲ್ಲಿ, ಅಂಗಿಯೊಳಗೆ ನೀರು ನಿಲ್ಲದೆ ಇಳಿದುಹೋಗಿದ್ದ ಕಡೆ, ಎರಡು ಪಕ್ಕದಿಂದಲೂ ಹೊಸ ತೊಗಟೆ ದುಂಡಗೆ ಮಡಿಚಿಕೊಂಡು ಬರುತ್ತಿತ್ತು. ನಾವು ಕ್ಯಾನ್ವಾಸಿನ ಅಂಚು ಮಡಿಚಿ ಹೊಲಿಯುತ್ತೇವಲ್ಲ, ಥೇಟ್ ಹಾಗೆ. ಕೆಳಗಿನ ಅರ್ಧ ಮಾತ್ರ ಕಪ್ಪಾಗಿಯೇ ಉಳಿಯಿತು. ಅತ್ತೆ ದಿನಾ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಅಲ್ಲಿ ಹೋಗಿ ನಿಲ್ಲುತ್ತಿದ್ದರು, ಮುಟ್ಟುತ್ತಿರಲಿಲ್ಲ.

ಅಧಿಕಾರಿ ಮಾತಿನಂತೆ ಮತ್ತೆ ಬಂದ ದಿನ ನಮ್ಮ ಅಂಗಳದಲ್ಲಿ ಒಬ್ಬ ಲಾರಿ ಮಾಲೀಕರು ಕೂತಿದ್ದರು. ಅವರ ಲಾರಿಗಳಿಗೆಲ್ಲ ಹೊಸ ಹೊದಿಕೆ ಬೇಕಿತ್ತು, ಆ ವರ್ಷದ ದೊಡ್ಡ ಕೆಲಸ ಅದೇ. ಅತ್ತೆ ಅವರಿಗೆ ಬಟ್ಟೆಯ ತುಂಡುಗಳನ್ನು ತೋರಿಸುತ್ತಿದ್ದರು. ಜೀಪು ಕಂಡದ್ದೇ ಕನ್ನಡಕದವರು ಅಂಗಡಿ ಬಿಟ್ಟು ಓಡಿಬಂದರು. ಗ್ಯಾರೇಜಿನವರು, ಗಾರೆಯವರು, ಅವರಿವರು ಸೇರಿದರು.

ಅಧಿಕಾರಿ ಮೇಲ್ಭಾಗ ನೋಡಿ ತಲೆಯಾಡಿಸಿದರು. ಕೆಳಗೆ ಬಗ್ಗಿ ಕಪ್ಪಾದದ್ದನ್ನು ನೋಡಿದ ಕೂಡಲೆ ಅವರ ಮುಖ ಬದಲಾಯಿತು. ಚಾಕುವಿನ ತುದಿ ಮೆತ್ತಗೆ ಒಳಗೆ ಹೋಯಿತು.

"ಇಷ್ಟು ಬೇಗ ಇಷ್ಟು ದೂರ ಕೊಳೆಯೋದು ಸರಿಯಿಲ್ಲ," ಅಂದರು. "ಬರೀ ಬಿಸಿಲಿಗೆ ಹೀಗಾಗಲ್ಲ. ಒಳಗೇ ಏನೋ ರೋಗ ಇದ್ದಿರಬೇಕು, ನಂಗೆ ಆವತ್ತು ಗೊತ್ತಾಗಿಲ್ಲ."

"ನಾನು ಮೊದಲೇ ಹೇಳಿದ್ನಲ್ಲ ಮೇಡಂ!" ಕನ್ನಡಕದವರ ಹಲ್ಲು ಮೂವತ್ತೆರಡೂ ಕಂಡವು.

"ಒಳಗಿಂದ ಬಂದಿದ್ರೆ ಬಿಡೋಕಾಗಲ್ಲ," ಅಂದರು ಅಧಿಕಾರಿ, ನಮ್ಮ ಕಡೆ ನೋಡದೆ. "ಕಡೀಬೇಕಾಗುತ್ತೆ."

ಒಳಗಿಂದ ಬಂದದ್ದಲ್ಲ ಅಂತ ನಮಗೆ ಮೂವರಿಗೂ ಗೊತ್ತಿತ್ತು. ಹೇಳಲು ನಾನು ಬಾಯಿ ತೆರೆದೆ. ಲಾರಿ ಮಾಲೀಕರು ಎದ್ದು ನಿಂತು ಕುತ್ತಿಗೆ ಚಾಚಿ ನೋಡುತ್ತಿದ್ದರು. ನನ್ನ ಗಂಡ ಅವರ ಬೆನ್ನ ಹಿಂದಿನಿಂದ ಬೇಡ ಬೇಡ ಅಂತ ಕಣ್ಣಲ್ಲೇ ಬೇಡಿಕೊಂಡ. ನಮ್ಮ ಹೊದಿಕೆ ಕೊಳೆಸುತ್ತದೆ ಅಂತ ನಮ್ಮ ಬಾಯಿಂದಲೇ, ಗಿರಾಕಿಯ ಮುಂದೆ ಹೇಳುವುದು ಹೇಗೆ? ಇಷ್ಟು ಬಾಯಿ ಇರುವ ನಾನು ಬಾಯಿ ಮುಚ್ಚಿದೆ. ಆಗ ಅತ್ತೆ ಕೈಯಲ್ಲಿದ್ದ ಬಟ್ಟೆಯ ತುಂಡುಗಳನ್ನು ಕೆಳಗಿಟ್ಟರು.

"ರೋಗ ಅಲ್ಲಮ್ಮ," ಅಂದರು. "ನಾನು."

ಅಧಿಕಾರಿಗೆ ಅರ್ಥವಾಗಲಿಲ್ಲ. ಅತ್ತೆ ಕೋಣೆಯೊಳಗೆ ಹೋಗಿ, ಮೂಲೆಯಲ್ಲಿ ಸುತ್ತಿಟ್ಟಿದ್ದ ಹಸಿರು ಅಂಗಿಯನ್ನು ತಂದು ಎಲ್ಲರ ಮುಂದೆ ನೆಲದ ಮೇಲೆ ಹಾಸಿದರು. ಒಳಮೈಯ ಕೆಳಗಿನ ಅರ್ಧ ತುಂಬಾ ಕಲೆ.

"ಬಿಸಿಲು ತಾಗಬಾರದು ಅಂದ್ರಿ. ನಾನು ಬಿಗಿಯಾಗಿ ಹೊಲಿದು ಹಾಕ್ಬಿಟ್ಟೆ. ನೀರು ಒಳಗೇ ನಿಂತು ಹೀಗಾಯ್ತು. ಸೊಸೆ ಬಿಚ್ಚು ಅಂದ್ಲು, ನಾನು ಬಿಚ್ಚಲಿಲ್ಲ. ಕೊಳೆಸಿದ್ದು ನನ್ನ ಹೊಲಿಗೆ. ಮರದ ತಪ್ಪಿಲ್ಲ."

ಅಧಿಕಾರಿ ಅಂಗಿಯನ್ನು ಎತ್ತಿ ಕಾಂಡಕ್ಕೆ ಹಿಡಿದರು. ಅದರ ಕಲೆ ಎಲ್ಲಿ ಶುರುವಾಗುತ್ತದೋ ಮರದ ಕಪ್ಪೂ ಅಲ್ಲೇ ಶುರು, ಎಲ್ಲಿ ಮುಗಿಯುತ್ತದೋ ಅಲ್ಲೇ ಮುಕ್ತಾಯ. ಅವರು ಮಂಡಿಯೂರಿ ಕೂತು, ಕಪ್ಪನ್ನು ತೆಳ್ಳಗೆ ಕೆರೆಯುತ್ತಾ ಹೋದರು. ಅದರ ಕೆಳಗೆ ಮರ ಗಟ್ಟಿಯಾಗಿತ್ತು. ಸುತ್ತಿಗೆಯಿಂದ ತಟ್ಟಿದಾಗ ತುಂಬಿದ ಸದ್ದು ಬಂತು. ಅಂಚನ್ನು ಚೂರು ಗೀರಿದರು, ಒಳಗೆ ಹಸಿರು ಗೆರೆ.

"ಮೇಲ್ಮೇಲೆ ಅಷ್ಟೇ," ಅಂದರು. "ಒಳಗೆ ಹೋಗಿಲ್ಲ. ನೀವು ಹೇಳ್ದೇ ಇದ್ದಿದ್ರೆ ನಾನು ಇವತ್ತು ಕಡಿಯೋಕೆ ಬರ್ದುಬಿಡ್ತಿದ್ದೆ. ಮರ ಇರ್ಲಿ."

ಕೇಳಿದ್ದೇ ನನ್ನ ಕಣ್ಣು ತುಂಬಿತು. ಪೂರ್ತಿ ತುಂಬುವ ಮೊದಲೇ ಕನ್ನಡಕದವರು ಗಟ್ಟಿಯಾಗಿ ನಕ್ಕರು.

"ನಿಂತಿರೋ ಮರಕ್ಕೇ ಈ ಗತಿ ಅಂದ್ರೆ, ಲಾರಿಯೊಳಗಿನ ಸರಕಿಗೆ ಏನು ಗತಿ ಅಮ್ಮಾ?"

ಲಾರಿ ಮಾಲೀಕರು ಗಂಟಲು ಸರಿಮಾಡಿಕೊಂಡು, "ಆಮೇಲೆ ಬರ್ತೀನಿ" ಅಂದರು. ಆಮೇಲೆ ಅನ್ನುವುದು ಎಂದಿಗೂ ಬರುವುದಿಲ್ಲ ಅಂತ ವ್ಯಾಪಾರ ಮಾಡುವವರಿಗೆಲ್ಲ ಗೊತ್ತು. ಸಕ್ಕರೆಯ ಹರಳು ಕರಗದ ಹೊಲಿಗೆ ಅದು! ಬಿಗಿಯಾಗಿದ್ದದ್ದೇ ಅದರ ತಪ್ಪು ಅಂತ ಬಿಡಿಸಿ ಹೇಳುವಷ್ಟರಲ್ಲಿ ಅವರು ಗಾಡಿ ಹತ್ತಿದ್ದರು.

"ಈ ಕೊಂಬೆ ಯಾರು ಕಡ್ಸಿದ್ದು?" ಅಧಿಕಾರಿ ಮೇಲೆ ನೋಡುತ್ತಾ ಕೇಳಿದರು.

"ಗಾಳಿಗೆ ಬಿದ್ದಿದ್ದು ಮೇಡಂ," ಅಂದರು ಕನ್ನಡಕದವರು.

"ಗಾಳಿ ಗರಗಸ ಹಿಡ್ಕೊಂಡು ಬಂದಿತ್ತಾ?" ನಾನು ಕೂಗಿದೆ. "ನೋಡಿ ಮೇಡಂ, ಹಲಗೆ ಕೊಯ್ದ ಹಾಗೆ ನುಣ್ಣಗಿದೆ! ಇವರೇ ನನ್ನ ಹತ್ರ ಬೋರ್ಡು ಕಾಣ್ತಿರ್ಲಿಲ್ಲ ಅಂದಿದ್ದು!"

"ನೀವು ಕಡಿಯೋದನ್ನ ನೋಡಿದ್ರಾ?"

ನೋಡಿರಲಿಲ್ಲ. ನೋಡಿದವರು ಸುತ್ತ ನಿಂತಿದ್ದರು. ಗ್ಯಾರೇಜಿನವರು ಕನ್ನಡಕ ತೆಗೆದು ತಮ್ಮ ಅಂಗಿಯ ತುದಿಯಲ್ಲಿ ಒರೆಸಿಕೊಂಡರು. ಗಾರೆಯವರಿಗೆ ಬೂಟಿನ ಮೇಲೆ ಏನೋ ಕಂಡಿತು. ಮರದ ಕೆಳಗೆ ನಿಂತು, ಮರದ ನೆರಳನ್ನು ತಲೆಯ ಮೇಲೆ ಹೊತ್ತುಕೊಂಡು, ಒಬ್ಬನೂ ಬಾಯಿ ಬಿಡಲಿಲ್ಲ. ನಿಜ ಹೇಳಿದವರು ಗಿರಾಕಿ ಕಳೆದುಕೊಂಡರು. ಸುಳ್ಳು ಹೇಳಿದವರು ಅಂಗಡಿಗೆ ಹೋಗಿ ಗಲ್ಲಾದ ಮೇಲೆ ಕೂತರು. ಇದಕ್ಕೆ ಸಿಟ್ಟು ಬರದಿದ್ದರೆ ಇನ್ನು ಯಾವುದಕ್ಕೆ ಬರಬೇಕು?

ಹೊರಡುವ ಮುಂಚೆ ಅಧಿಕಾರಿ ಇನ್ನೊಂದು ಮಾತು ಹೇಳಿದರು. ಗಾಯ ಪೂರ್ತಿ ಮುಚ್ಚುವವರೆಗೆ ಬರುವ ಬೇಸಿಗೆಗಳಲ್ಲಿ ಅದಕ್ಕೆ ನೆರಳು ಬೇಕೇಬೇಕು. ಮೈಗೆ ತಾಗಿಸದೆ, ದೂರದಿಂದ, ಗಾಳಿ ಆಡುವ ಹಾಗೆ. ಕಂಬ ನೆಡಲು ಬುಡದ ಸುತ್ತ ಗುಂಡಿ ತೋಡಿದರೆ ಬೇರು ಹೋಗುತ್ತದೆ, ಅದು ಬೇಡ. ಅತ್ತೆ ಆ ಸಂಜೆಯೇ ಅಂಗಳದಲ್ಲಿ ಅತ್ತ ಇತ್ತ ನಡೆದು ನೋಡಿದರು. ಮುಕ್ಕೋನದ ಬಟ್ಟೆ, ಒಂದು ಮೂಲೆ ನಮ್ಮ ಸೂರಿಗೆ. ಮಿಕ್ಕ ಎರಡು ಮೂಲೆ ಕಟ್ಟಲು ಇದ್ದದ್ದು ಒಂದೇ ಜಾಗ, ಕನ್ನಡಕದವರ ಗೋಡೆ.

"ಸತ್ರೂ ಕೇಳಬೇಡಿ," ಅಂದೆ.

ಅತ್ತೆ ಕೇಳಿಬಂದರು. ಕನ್ನಡಕದವರು ಬಹಳ ಹೊತ್ತು ಗಡ್ಡ ತುರಿಸಿಕೊಂಡು, ಬಟ್ಟೆ ಕಟ್ಟಿದರೆ ತಮ್ಮ ಬೋರ್ಡು ಮತ್ತೆ ಮರೆಯಾಗುತ್ತದಲ್ಲ ಅಂತ ನೊಂದುಕೊಂಡು, ಕೊನೆಗೆ ದೊಡ್ಡ ಮನಸ್ಸು ಮಾಡಿದರಂತೆ. ಕೊಂಡಿ ಹೊಡೆಯಬಹುದು. ಬಟ್ಟೆಯ ಮೇಲೆ ಮಾತ್ರ ಅವರ ಅಂಗಡಿಯ ಹೆಸರು, ಬೀದಿಗೆ ಕಾಣುವ ಹಾಗೆ, ದಪ್ಪ ಅಕ್ಷರದಲ್ಲಿ ಇರಬೇಕು.

ನಾನು ಏನೇನು ಅಂದೆ ಅಂತ ಇಲ್ಲಿ ಬರೆಯುವ ಹಾಗಿಲ್ಲ. ಅತ್ತೆ ಮಾತ್ರ ಕೆಂಪು ಕ್ಯಾನ್ವಾಸು ಹಾಸಿಕೊಂಡು ಸೀಮೆಸುಣ್ಣದಲ್ಲಿ ಆ ಹೆಸರಿನ ಮೊದಲಕ್ಷರ ಬರೆಯುತ್ತಿದ್ದರು. ಕತ್ತರಿಸಿದರು, ನನ್ನ ಕಡೆ ನೀಡಿದರು.

"ನಾನು ಹೊಲಿಯಲ್ಲ," ಅಂದೆ. "ಸುಟ್ಟವನ ಹೆಸರನ್ನ ಗಾಯದ ಮೇಲೆ ಹೊಲೀಬೇಕಾ? ಗಾಯದ ಮೇಲೆ ಬರೆ ಅಂದ್ರೆ ಇದೇ. ನಿಮಗೆ ಸಿಟ್ಟೇ ಬರಲ್ವಾ ಅತ್ತೆ?"

ಅವರು ತಾವೇ ಮಷಿನ್ನಿಗೆ ಕೂತರು. ಅಕ್ಷರದ ತಿರುವಿನಲ್ಲಿ ಸೂಜಿ ಟಕ್ ಅಂತ ಮುರಿಯಿತು. ಹೊಸದು ಹಾಕಿದರು, ಅದೂ ಮುರಿಯಿತು. ಅತ್ತೆಯ ಕೈಯಲ್ಲಿ ಸೂಜಿ ಮುರಿದದ್ದನ್ನು ನಾನು ಆವತ್ತೇ ನೋಡಿದ್ದು.

"ಸಿಟ್ಟು ಬಂದಿದೆ ಕಣೇ," ಅಂದರು ತಲೆಯೆತ್ತದೆ. "ಬಿಸಿಲೂ ಬಂದಿದೆ. ಯಾವುದನ್ನ ಮೊದಲು ನೋಡ್ಲಿ, ನೀನೇ ಹೇಳು."

ನಾನು ಮುರಿದ ಸೂಜಿಯ ಚೂರುಗಳನ್ನು ಬಟ್ಟೆಯಿಂದ ಹೆಕ್ಕಿ ತೆಗೆದೆ. ಅತ್ತೆ ಮುಂದುವರಿಸಿದರು.

"ಕೊಂಡಿ ಇರೋದು ಅವನ ಗೋಡೇಲಿ. ನಾಳೆ ಮನಸ್ಸು ಬದಲಾಯ್ಸಿದ್ರೆ ಕಿತ್ತು ಬಿಸಾಕ್ತಾನೆ. ತನ್ನ ಹೆಸರಿರೋ ಬಟ್ಟೇನ ತಾನೇ ಕೀಳ್ತಾನಾ? ಇರ್ಲಿ ಬಿಡು, ಹೆಸರೇ ಕಾವಲಿರ್ಲಿ."

ನಾನು ಆ ಅಕ್ಷರ ಅವರ ಕೈಯಿಂದ ಕಿತ್ತುಕೊಂಡು ಹೊಲಿದೆ. ಪ್ರತಿ ಅಕ್ಷರವನ್ನೂ ಬೈಯುತ್ತಾ ಹೊಲಿದೆ. ಹೊಲಿಗೆ ಮಾತ್ರ ಚೆನ್ನಾಗಿ ಬಂತು.

ಬಟ್ಟೆ ಏರಿತು. ಮಧ್ಯಾಹ್ನದ ಬಿಸಿಲು ಅದರ ಮೇಲೆ ಬಿದ್ದು, ಕಾಂಡದ ಮೇಲೆ ತಣ್ಣನೆಯ ನೆರಳು ಇಳಿಯಿತು. ಬಟ್ಟೆಗೂ ಮರಕ್ಕೂ ನಡುವೆ ಒಬ್ಬ ಮನುಷ್ಯ ಆರಾಮಾಗಿ ನಡೆದುಹೋಗುವಷ್ಟು ಜಾಗ ಬಿಟ್ಟಿದ್ದರು ಅತ್ತೆ. ಮುಂದಿನ ಬೇಸಿಗೆ ಮುಗಿಯುವುದರೊಳಗೆ ಕೆಳಗಿನ ಅರ್ಧದಲ್ಲೂ ಅಂಚು ಮಡಿಚಿಕೊಳ್ಳಲು ಶುರುವಾಯಿತು. ಲಾರಿ ಮಾಲೀಕರು ಬರಲಿಲ್ಲ. ಬೇರೆಯವರು ಬಂದರು, ಚಿಕ್ಕಪುಟ್ಟ ಕೆಲಸ, ಹೇಗೋ ನಡೆಯುತ್ತಿದೆ.

ದಾರಿಹೋಕರು ನಿಲ್ಲುತ್ತಾರೆ. ಕೆಂಪು ಅಕ್ಷರ ಓದುತ್ತಾರೆ. "ಮರಕ್ಕೆ ಅಂತ ಬಟ್ಟೆ ಕಟ್ಟಿಸಿದ್ದಾರಲ್ಲ, ಎಂಥ ಒಳ್ಳೇ ಜನ!" ಅನ್ನುತ್ತಾರೆ. ಕನ್ನಡಕದವರು ಬಾಗಿಲಲ್ಲಿ ನಿಂತು ನಮ್ರವಾಗಿ ಕೈ ಮುಗಿಯುತ್ತಾರೆ. ಆಗ ನಾನು ಹೊಲಿಯುತ್ತಿದ್ದ ಕೆಲಸ ಬಿಟ್ಟು ಎದ್ದು, ಕೊಂಬೆ ಕಡಿಸಿದವರೂ ಅವರೇ, ಮರ ಸುಟ್ಟದ್ದೂ ಅವರಿಂದಲೇ, ಬಟ್ಟೆ ನಮ್ಮದು, ಹೆಸರು ಮಾತ್ರ ಅವರದು ಅಂತ ಹೇಳುತ್ತೇನೆ. ನಿಂತವರಿಗೆಲ್ಲ ಹೇಳುತ್ತೇನೆ. ಕೇಳಿದವರೂ ಹೇಳುತ್ತಾರೆ. ಈಚೆಗೆ ಅವರ ಅಂಗಡಿಗೆ ಕಣ್ಣು ಪರೀಕ್ಷೆಗೆ ಬಂದವರು ಕೂಡ ಕೊಂಬೆಯ ವಿಷಯ ಕೇಳುತ್ತಾರಂತೆ.

ಮೊನ್ನೆ ಅವರು ತಡೆಯಲಾರದೆ ನಮ್ಮ ಅಂಗಳಕ್ಕೆ ಬಂದರು. ಅತ್ತೆ ಮರದ ಕೆಳಗೆ ಟಾರ್ಪಾಲಿಗೆ ರಿಂಗು ಹೊಡೆಯುತ್ತಾ ಕೂತಿದ್ದರು.

"ಅಮ್ಮಾ, ನಿಮ್ಮ ಸೊಸೆಗೆ ಸ್ವಲ್ಪ ಹೇಳಿ," ಅಂದರು.

"ಹೇಳಿದ್ದೀನಪ್ಪಾ," ಅಂದರು ಅತ್ತೆ, ಸುತ್ತಿಗೆ ಕೆಳಗಿಡದೆ. "ಇನ್ನೂ ಸ್ವಲ್ಪ ಜೋರಾಗಿ ಹೇಳು ಅಂತ."